ಕುವೆಂಪು ಕಥೆಯ ಕಸಿನ್ಸ್ ಸಾಹೇಬರ ಮಡದಿ: ಮತದ ಹಕ್ಕಿಗಾಗಿ ಜೈಲು ಕಂಡ ಮಾರ್ಗರೆಟ್

ಪ್ರತಿವರ್ಷ ಡಿಸೆಂಬರ್ 29ರ ಕುವೆಂಪು ಜನ್ಮದಿನದ ಹೊತ್ತಿಗೆ ನಮ್ಮ ಹೊರನಾಡ ಕನ್ನಡ ಸಂಘಗಳ ವೇದಿಕೆಗಳಲ್ಲಿ ಒಂದು ಪ್ರಸಂಗ ತಪ್ಪದೆ ಕೇಳಿಬರುತ್ತದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತರುಣ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ್ದು, ಕಸಿನ್ಸ್ ಅವರು ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಹೇಳಿದ್ದು, ಪುಟ್ಟಪ್ಪನವರಿಗೆ ಮೊದಲು ಪಿಚ್ಚೆನಿಸಿದರೂ ಮುಂದೆ ಅದೇ ಮಾತು ಕನ್ನಡಕ್ಕೆ ವರವಾದದ್ದು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ರೂಪ ಕೊಡುವುದರಲ್ಲೂ ಕೈಯಿದ್ದ ಈ ಕಸಿನ್ಸ್ ಸಾಹೇಬರನ್ನು ಕನ್ನಡಿಗರು ಮರೆತಿಲ್ಲ. ಮರೆತದ್ದು ಅವರ ಮಡದಿಯನ್ನು. ಆಕೆ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು, ಮಂಗಳೂರಿನ ಮಗಳೊಬ್ಬಳನ್ನು ಚುನಾವಣೆಗೆ ನಿಲ್ಲಿಸಿದವರು. ಅದಕ್ಕೂ ಮೊದಲು ಮತದ ಹಕ್ಕು ಕೇಳಿ ಎರಡು ದೇಶಗಳಲ್ಲಿ ಕಿಟಕಿ ಗಾಜು ಒಡೆದು, ಎರಡು ಸಲ ಸೆರೆಮನೆಗೆ ಹೋಗಿಬಂದವರು. ಈ ಸಂಚಿಕೆಯಲ್ಲಿ ಅವರ ಕಥೆ.

ಮಾರ್ಗರೆಟ್ ಹುಟ್ಟಿದ್ದು 1878ರ ನವೆಂಬರ್ 7ರಂದು, ಐರ್ಲೆಂಡಿನ ರಾಸ್‌ಕಾಮನ್ ಸೀಮೆಯ ಬಾಯ್ಲ್ ಎಂಬ ಸಣ್ಣ ಊರಿನಲ್ಲಿ. ಮನೆಯಲ್ಲಿ ಮಕ್ಕಳ ದಂಡು; ಅದರಲ್ಲಿ ಈಕೆಯೇ ಹಿರಿಯಳು. ತವರಿನ ಹೆಸರು ಗಿಲೆಸ್ಪಿ. ಡಬ್ಲಿನ್‌ಗೆ ಹೋಗಿ ಸಂಗೀತ ಓದಿ 1902ರಲ್ಲಿ ಪದವಿ ಪಡೆದರು. ಮರುವರ್ಷ ಕವಿ ಜೇಮ್ಸ್ ಅವರನ್ನು ಮದುವೆಯಾದರು. ಗಂಡಹೆಂಡಿರಿಬ್ಬರೂ ಸಸ್ಯಾಹಾರಿಗಳು, ಥಿಯಾಸಫಿಯ ಒಲವಿನವರು, ಜೇಬು ಬರಿದು. ಪಿಯಾನೊ ಪಾಠ ಹೇಳಿಕೊಂಡು ಸುಮ್ಮನೆ ಕಾಲ ಕಳೆಯಬಹುದಾಗಿದ್ದ ಹೆಂಗಸು. 1906ರಲ್ಲಿ ಮ್ಯಾಂಚೆಸ್ಟರ್‌ನ ಮಹಿಳಾ ಸಮ್ಮೇಳನವೊಂದಕ್ಕೆ ಹೋಗಿದ್ದೇ ದಾರಿ ಬದಲಾಯಿತು.

ಆ ಕಾಲದ ಬ್ರಿಟನ್ನಿನಲ್ಲಿ ಪಾರ್ಲಿಮೆಂಟ್ ಚುನಾವಣೆಗೆ ಮತ ಹಾಕುವ ಹಕ್ಕು ಯಾವ ಹೆಂಗಸಿಗೂ ಇರಲಿಲ್ಲ. ಐರ್ಲೆಂಡ್ ಆಗ ಬ್ರಿಟನ್ನಿನ ಭಾಗ, ಹಾಗಾಗಿ ಅಲ್ಲಿಯೂ ಇಲ್ಲ. ಮನವಿಪತ್ರ, ಸಹಿ ಸಂಗ್ರಹ, ಸಭೆ ಎಂದು ನಲವತ್ತು ವರ್ಷ ಕೇಳಿಕೊಂಡಿದ್ದಾಯಿತು, ಫಲವಿಲ್ಲ. ಕಾನೂನಿನ ದಾರಿಯಲ್ಲೇ ನಡೆಯುತ್ತಿದ್ದವರನ್ನು ಸಫ್ರಜಿಸ್ಟ್ ಎನ್ನುತ್ತಿದ್ದರು. ಎಮ್ಮಲೀನ್ ಪ್ಯಾಂಕ್‌ಹರ್ಸ್ಟ್ ಅವರ ಹಿಂದೆ ಹೋಗಿ ಬೀದಿಗಿಳಿದವರನ್ನು ಲಂಡನ್ನಿನ ಡೈಲಿ ಮೇಲ್ ಪತ್ರಿಕೆ 1906ರಲ್ಲಿ ಲೇವಡಿಗೆಂದು ಸಫ್ರಜೆಟ್ ಎಂದು ಕರೆಯಿತು. ಹೆಂಗಸರು ಆ ಬೈಗುಳವನ್ನೇ ಬಿರುದಾಗಿ ಇಟ್ಟುಕೊಂಡರು. 1908ರಲ್ಲಿ ಮಾರ್ಗರೆಟ್ ಅವರೂ ಗೆಳತಿ ಹಾನಾ ಶೀಹಿ ಸ್ಕೆಫಿಂಗ್ಟನ್ ಅವರೂ ಸೇರಿ ಡಬ್ಲಿನ್‌ನಲ್ಲಿ ಐರಿಷ್ ಮಹಿಳಾ ಮತಾಧಿಕಾರ ಸಂಘ ಕಟ್ಟಿದರು. ಇವರ ಗಂಡಂದಿರೂ ಕೈಕಟ್ಟಿ ಕೂರಲಿಲ್ಲ; 1912ರಲ್ಲಿ ಐರಿಷ್ ಸಿಟಿಜನ್ ಎಂಬ ಪತ್ರಿಕೆ ಹೊರಡಿಸಿ ಹೆಂಡಂದಿರ ಹೋರಾಟಕ್ಕೆ ದನಿಯಾದರು. ಕುವೆಂಪು ಅವರಿಗೆ ತಮ್ಮ ದನಿಯಲ್ಲೇ ಹಾಡಿ ಎಂದ ಮನುಷ್ಯ ಅದಕ್ಕೆ ಹನ್ನೆರಡು ವರ್ಷ ಮೊದಲೇ ಇಂಥ ಕೆಲಸದಲ್ಲಿದ್ದರು ಎಂಬುದು ನನಗಂತೂ ಬಹಳ ಹಿಡಿಸಿದ ಸಂಗತಿ.

1910ರ ನವೆಂಬರ್ 18ರಂದು ಲಂಡನ್ನಿನಲ್ಲಿ ಪ್ರಧಾನಿಗೆ ಮನವಿ ಕೊಡಲು ಹೊರಟ ಸುಮಾರು ಮುನ್ನೂರು ಹೆಂಗಸರನ್ನು ಪೊಲೀಸರು ಪಾರ್ಲಿಮೆಂಟಿನ ಮುಂದೆ ಗಂಟೆಗಟ್ಟಲೆ ತಳ್ಳಾಡಿ ಹೊಡೆದರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಚರಿತ್ರೆಯಲ್ಲಿ ಇದಕ್ಕೆ ಕರಾಳ ಶುಕ್ರವಾರ ಎಂದೇ ಹೆಸರು. ಆ ದಿನ ಪ್ಯಾಂಕ್‌ಹರ್ಸ್ಟ್ ಜೊತೆ ಮುಂಚೂಣಿಯಲ್ಲಿದ್ದವರಲ್ಲಿ ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಅವರ ಮಗಳು ಸೋಫಿಯಾ ಕೂಡ ಒಬ್ಬರು. ಮನವಿ ಹಿಡಿದು ಹೋದರೆ ಮೈಮೂಳೆ ಮುರಿಯುತ್ತಾರೆ, ಗಾಜು ಒಡೆದರೆ ಕೂಡಲೇ ಬಂಧಿಸುತ್ತಾರೆ, ಹಾಗಿದ್ದರೆ ಗಾಜೇ ಮೇಲು ಎಂಬ ಲೆಕ್ಕಕ್ಕೆ ಹೆಂಗಸರು ಬಂದರು. ಡಬ್ಲಿನ್‌ನಿಂದ ಹೋಗಿದ್ದ ಮಾರ್ಗರೆಟ್ ಮಂತ್ರಿಗಳ ಮನೆಯ ಕಿಟಕಿಗಳಿಗೆ ಕಲ್ಲು ಬೀರಿದವರಲ್ಲಿ ಸೇರಿದ್ದರು. ಹಾಲೋವೇ ಜೈಲಿನಲ್ಲಿ ಒಂದು ತಿಂಗಳ ಸೆರೆವಾಸವಾಯಿತು.

ಎರಡನೆಯ ಸಲದ್ದು ತವರು ನೆಲದಲ್ಲೇ. ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಮಸೂದೆ ಬಂದಿತ್ತು. ಅದರಲ್ಲಿ ಹೆಂಗಸರಿಗೆ ಮತ ಇರಲಿಲ್ಲ. ನಾಡಿಗೆ ಸ್ವಾತಂತ್ರ್ಯ, ನಾಡಿನ ಅರ್ಧ ಜನಕ್ಕೆ ಇಲ್ಲ! 1913ರ ಜನವರಿಯಲ್ಲಿ ಮಾರ್ಗರೆಟ್ ಮತ್ತು ಸಂಗಾತಿಗಳು ಸರ್ಕಾರದ ಕೇಂದ್ರವಾಗಿದ್ದ ಡಬ್ಲಿನ್ ಕೋಟೆಯ ಕಿಟಕಿಗಳನ್ನು ಒಡೆದರು. ಟುಲ್ಲಮೋರ್ ಜೈಲಿಗೆ ಕಳಿಸಿದರು. ನಾವು ಕಳ್ಳಿಯರಲ್ಲ, ರಾಜಕೀಯ ಕೈದಿಗಳು ಎಂದು ಹಟ ಹಿಡಿದು ಅನ್ನ ಬಿಟ್ಟು ಕೂತರು. ಇಂಗ್ಲೆಂಡಿನ ಜೈಲುಗಳಲ್ಲಿ ಆಗಲೇ ಉಪವಾಸಿ ಹೆಂಗಸರ ಮೂಗಿಗೆ, ಗಂಟಲಿಗೆ ಕೊಳವೆ ತುರುಕಿ ಅನ್ನದ ಗಂಜಿ ಸುರಿಯುವ ಕ್ರೌರ್ಯ ನಡೆದಿತ್ತು. ಟುಲ್ಲಮೋರ್‌ನಲ್ಲಿ ಅಷ್ಟಕ್ಕೆ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಅಧಿಕಾರಿಗಳು ಬಗ್ಗಿದರು.

ಇದು ಅವರ ಬದುಕಿನ ಒಂದು ಪಾಲು. ಇನ್ನೊಂದು ಪಾಲು ನಮ್ಮ ನೆಲದ್ದು. 1915ರ ಕೊನೆಗೆ ದಂಪತಿಗಳು ಭಾರತಕ್ಕೆ ಬಂದರು. ಆನಿ ಬೆಸೆಂಟ್ ಅವರ ನ್ಯೂ ಇಂಡಿಯಾ ಪತ್ರಿಕೆಯಲ್ಲಿ ಜೇಮ್ಸ್ ಅವರಿಗೆ ಕೆಲಸ. ಆಮೇಲೆ ಮದನಪಲ್ಲಿಯ ಕಾಲೇಜಿನಲ್ಲಿ. ನಮ್ಮ ಕೋಲಾರ ಸೀಮೆಗೆ ಅಂಟಿಕೊಂಡಂತಿರುವ ಊರು ಅದು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದು ಜನಗಣಮನ ಹಾಡಿದಾಗ ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಹಿಡಿದಿಟ್ಟವರು ಸಂಗೀತ ಬಲ್ಲ ಈ ಮಾರ್ಗರೆಟ್ ಅಮ್ಮನವರೇ.

1917ರ ಮೇ ತಿಂಗಳಲ್ಲಿ ಮದರಾಸಿನ ಅಡ್ಯಾರ್‌ನಲ್ಲಿ ಭಾರತೀಯ ಮಹಿಳಾ ಸಂಘ ಹುಟ್ಟಿತು. ಬೆಸೆಂಟ್ ಅಧ್ಯಕ್ಷೆ, ಡೊರೊಥಿ ಜಿನರಾಜದಾಸ ಮತ್ತು ಮಾರ್ಗರೆಟ್ ಕಾರ್ಯಕ್ಕೆ ನಿಂತವರು. ಸ್ತ್ರೀಧರ್ಮ ಎಂಬ ಪತ್ರಿಕೆಯೂ ಹೊರಟಿತು. ಅದೇ ವರ್ಷ ಭಾರತ ಮಂತ್ರಿ ಮಾಂಟೆಗು ಆಡಳಿತ ಸುಧಾರಣೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಬರುತ್ತಾರೆಂದು ಗೊತ್ತಾಯಿತು. ಹುಡುಗಿಯರ ಶಿಕ್ಷಣದ ಬಗ್ಗೆ ಮಾತಾಡಲು ಹೆಂಗಸರ ನಿಯೋಗಕ್ಕೆ ಸಮಯ ಕೊಡಿ ಎಂದು ಮಾರ್ಗರೆಟ್ ಕಾಗದ ಬರೆದರು. ಮಂತ್ರಿಗಳು ರಾಜಕೀಯ ವಿಷಯಗಳ ನಿಯೋಗಗಳನ್ನು ಮಾತ್ರ ಭೇಟಿಯಾಗುತ್ತಾರೆ ಎಂಬ ಉತ್ತರ ಬಂತು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರೇನೋ. ಇವರು ಹಳೆಯ ಸಫ್ರಜೆಟ್ ಅಲ್ಲವೇ! ರಾಜಕೀಯವೇ ಬೇಕೆಂದರೆ ಆಗಲಿ ಎಂದು ಮನವಿಯಲ್ಲಿ ಮತಾಧಿಕಾರವನ್ನೇ ಸೇರಿಸಿಬಿಟ್ಟರು. ಸರ್ಕಾರಿ ಗುಮಾಸ್ತಿಕೆಯ ಒಂದು ತಿರಸ್ಕಾರದ ಸಾಲಿನಿಂದ ಭಾರತದ ಹೆಂಗಸರ ಮತದ ಬೇಡಿಕೆ ಸರ್ಕಾರದ ಕಡತಕ್ಕೆ ಏರಿದ್ದು ಹೀಗೆ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹದಿನಾಲ್ಕು ಮಂದಿ ಹೆಂಗಸರು ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡರು. ಕೇಳಿದ್ದು ಒಂದೇ: ನೀವು ಜನ ಎನ್ನುವಾಗ ನಮ್ಮನ್ನೂ ಸೇರಿಸಿ ಎನ್ನಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಲಂಡನ್, ಡಬ್ಲಿನ್‌ಗಳಲ್ಲಿ ಕಲ್ಲು ಹಿಡಿದಿದ್ದ ಕೈ ಮದರಾಸಿನಲ್ಲಿ ಲೇಖನಿ ಹಿಡಿಯಿತು. ಅವರು ಮೆತ್ತಗಾದರು ಎಂದು ಇದಕ್ಕೆ ಅರ್ಥವಲ್ಲ. ಅಲ್ಲಿ ಸ್ವಂತ ದೇಶದ ಗಂಡಸರೇ ಅಡ್ಡ ನಿಂತಿದ್ದರು. ಇಲ್ಲಿ 1918ರ ಹೊತ್ತಿಗೇ ಕಾಂಗ್ರೆಸ್ ಅಧಿವೇಶನಗಳು ಹೆಂಗಸರ ಮತಾಧಿಕಾರವನ್ನು ಬೆಂಬಲಿಸಿದ್ದವು. ಅಡ್ಡ ನಿಂತಿದ್ದು ಪರದೇಶಿ ಸರ್ಕಾರ. ಕದ ತೆರೆದಿರುವಲ್ಲಿ ಗಾಜು ಒಡೆಯುವುದೇಕೆ? ಮತದ ನಿಯಮ ಹೇಳಲು ಬಂದ ಸೌತ್‌ಬರೋ ಸಮಿತಿ ಮಾತ್ರ ಗೋಷಾ ಪದ್ಧತಿ, ಸಂಪ್ರದಾಯ ಎಂದೆಲ್ಲ ನೆಪ ಹೇಳಿ ಬೇಡಿಕೆಯನ್ನು ತಳ್ಳಿಹಾಕಿತು. 1919ರಲ್ಲಿ ಸರೋಜಿನಿ ನಾಯ್ಡು, ಬೆಸೆಂಟ್, ಮುಂಬಯಿಯ ಹೀರಾಬಾಯಿ ಟಾಟಾ ಮತ್ತವರ ಮಗಳು ಮಿಠನ್ ಲಂಡನ್ನಿಗೇ ಹೋಗಿ ವಾದಿಸಿದರು. ಕೊನೆಗೆ ಪಾರ್ಲಿಮೆಂಟು ಹೊಣೆಯನ್ನು ಪ್ರಾಂತಗಳ ಹೆಗಲಿಗೆ ದಾಟಿಸಿತು: ಯಾವ ಪ್ರಾಂತದ ಶಾಸನ ಪರಿಷತ್ತು ನಿರ್ಣಯ ಮಾಡುತ್ತದೋ ಅಲ್ಲಿ ಹೆಂಗಸರಿಗೆ ಮತ.

ಲಂಡನ್ನಿನಲ್ಲಿ ಈ ವಾದ ನಡೆಯುತ್ತಿದ್ದ 1919-20ರ ಅವಧಿಯಲ್ಲಿ ಮಾರ್ಗರೆಟ್ ಎಲ್ಲಿದ್ದರು ಗೊತ್ತೇ? ಮಂಗಳೂರಿನಲ್ಲಿ, ಅಲ್ಲಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿ.

1921ರ ಏಪ್ರಿಲಿನಲ್ಲಿ ಮದರಾಸು ಶಾಸನ ಪರಿಷತ್ತು ನಿರ್ಣಯ ಅಂಗೀಕರಿಸಿತು. ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಇದೇ ಮೊದಲು. ಮುಂಬಯಿ ಅದೇ ವರ್ಷ ಹಿಂದೆಯೇ ಬಂತು. ಈ ನಿರ್ಣಯ ನಮ್ಮ ಕೊಯಮತ್ತೂರಿಗೂ ನೇರವಾಗಿ ತಾಗಿದ್ದು. ಆಗಿನ ಕೊಯಮತ್ತೂರು ಜಿಲ್ಲೆ ಈಗಿನಷ್ಟು ಸಣ್ಣದಲ್ಲ. ತಿರುಪ್ಪೂರು 2009ರ ತನಕ ಅದರೊಳಗೇ ಇತ್ತು, ಈರೋಡು 1979ರ ತನಕ. ಕೊಳ್ಳೇಗಾಲ ತಾಲ್ಲೂಕು ಕೂಡ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯದೇ. ಹಾಗಾಗಿ ಕೊಳ್ಳೇಗಾಲದ, ಬಳ್ಳಾರಿಯ, ದಕ್ಷಿಣ ಕನ್ನಡದ ಹೆಂಗಸರಿಗೂ, ಇಲ್ಲಿನ ದೇವಾಂಗರ, ಒಕ್ಕಲಿಗರ ಮನೆಗಳ ಕನ್ನಡತಿಯರಿಗೂ ಮತದ ಬಾಗಿಲು ತೆರೆದದ್ದು 1921ರಲ್ಲಿ, ಮದರಾಸಿನ ನಿರ್ಣಯದಿಂದ. ಧಾರವಾಡ, ಬೆಳಗಾವಿಯವರಿಗೆ ಮುಂಬಯಿಯ ನಿರ್ಣಯದಿಂದ. ಮೈಸೂರು ಸಂಸ್ಥಾನ 1923ರಲ್ಲಿ ಕೊಟ್ಟಿತು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲ. ಹೆಂಗಸಿನ ಮತವೂ ಹಾಗೆ ಕಂತುಕಂತಾಗಿ ಬಂತು. ಅದೇ 1921ರಲ್ಲಿ ಈರೋಡಿನಲ್ಲಿ ಪೆರಿಯಾರ್ ಅವರ ಪತ್ನಿ ನಾಗಮ್ಮೈ ಮತ್ತು ತಂಗಿ ಕಣ್ಣಮ್ಮಾಳ್ ಕಳ್ಳಿನ ಅಂಗಡಿಗಳ ಮುಂದೆ ಧರಣಿ ಕೂತಿದ್ದರು. ಅದು ಕನ್ನಡ ಬಲಿಜ ಕುಟುಂಬ ಎಂಬುದನ್ನು ಇಲ್ಲಿನ ಹಳಬರಿಗೆ ಬೇರೆ ಹೇಳಬೇಕಿಲ್ಲ.

ಆದರೆ ಬಾಗಿಲು ತೆರೆಯಿತು ಎಂದಮಾತ್ರಕ್ಕೆ ಒಳಗೆ ಹೋದವರೆಷ್ಟು? ಗಂಡಸಿಗೆ ಇದ್ದ ಶರತ್ತುಗಳೇ ಹೆಂಗಸಿಗೂ ಎಂದು ನಿಯಮ. ಕೇಳಲು ನ್ಯಾಯವಾಗಿಯೇ ಇದೆ. ಬ್ರಿಟನ್ನಿನಲ್ಲಿ 1918ರ ಕಾನೂನು ಮೂವತ್ತು ದಾಟಿದ, ಆಸ್ತಿಯ ಅರ್ಹತೆಯುಳ್ಳ ಹೆಂಗಸರಿಗೆ ಮಾತ್ರ ಮತ ಕೊಟ್ಟಿತ್ತು. ಗಂಡಸರ ಸಮಕ್ಕೆ ಬಂದದ್ದು 1928ರಲ್ಲಿ. ಮದರಾಸಿನಲ್ಲಿ ಇಪ್ಪತ್ತೊಂದು ತುಂಬಿದರೆ ಸಾಕು. ಆ ಲೆಕ್ಕದಲ್ಲಿ ಮದರಾಸು ಲಂಡನ್ನಿಗಿಂತ ಮುಂದಿತ್ತು. ಆದರೆ ಶರತ್ತು ಯಾವುದು? ಇಂತಿಷ್ಟು ಕಂದಾಯ ಕಟ್ಟುವ ಜಮೀನು, ಇಂತಿಷ್ಟು ತೆರಿಗೆ ಬರುವ ಮನೆ ನಿಮ್ಮ ಹೆಸರಿನಲ್ಲಿರಬೇಕು. ಪಟ್ಟಾ ಇರುವುದು ಗಂಡನ, ಮಾವನ, ಭಾವನ ಹೆಸರಿನಲ್ಲಿ. ಹೊಲದಲ್ಲಿ ಕಳೆ ಕಿತ್ತವಳು, ಮಗ್ಗದ ಪಕ್ಕ ಕೂತು ನೂಲು ಸುತ್ತಿದವಳು ಕಾಗದದ ಮೇಲೆ ಏನೂ ಇಲ್ಲದವಳು. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ದಕ್ಷಿಣ ಕನ್ನಡದ ಅಳಿಯಸಂತಾನ ಮನೆಗಳಲ್ಲಿ ಕೂಡ ಆಸ್ತಿಯ ಆಡಳಿತ ಬಹುಮಟ್ಟಿಗೆ ಗಂಡಸು ಯಜಮಾನನ ಕೈಯಲ್ಲಿ. ಮದರಾಸು ಪ್ರಾಂತದಲ್ಲಿ ವಯಸ್ಕ ಹೆಂಗಸರ ಪೈಕಿ ಮತದಾರರಾದವರು ನೂರಕ್ಕೆ ಒಬ್ಬರ ಆಸುಪಾಸು. ಮಿಕ್ಕ ತೊಂಬತ್ತೊಂಬತ್ತು ಜನರ ಪ್ರಶ್ನೆ ಹಾಗೇ ಉಳಿಯಿತು.

ಇನ್ನೊಂದು ತೊಡಕೂ ಇತ್ತು. ಮತ ಹಾಕಬಹುದು, ಚುನಾವಣೆಗೆ ನಿಲ್ಲುವಂತಿಲ್ಲ. ಆ ತಡೆ ಬಿದ್ದದ್ದು 1926ರಲ್ಲಿ. ಕೂಡಲೇ ಮಾರ್ಗರೆಟ್ ಅವರ ಕಣ್ಣು ಹೋದದ್ದು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಕಡೆಗೆ. 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಹುಡುಗಿ. ಬಾಲ್ಯದಲ್ಲೇ ಮದುವೆಯಾಗಿ ವಿಧವೆಯಾದವಳು, ಸಮಾಜದ ಕೊಂಕಿಗೆ ಬಗ್ಗದೆ ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರನ್ನು ಮರುಮದುವೆಯಾದವಳು, ನಾಟಕದಲ್ಲಿ ಬಣ್ಣ ಹಚ್ಚಿದವಳು. ಆಗ ವಯಸ್ಸು ಇಪ್ಪತ್ತಮೂರು. ಮದರಾಸು ಶಾಸನ ಪರಿಷತ್ತಿಗೆ ಮಂಗಳೂರಿನಿಂದ ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲು ಎಂದು ಹುರಿದುಂಬಿಸಿದವರು ಮಾರ್ಗರೆಟ್. ಹೇಳಿ ಸುಮ್ಮನಾಗದೆ ಜೊತೆಯಲ್ಲಿ ನಿಂತು ಪ್ರಚಾರ ನಡೆಸಿದರು. ಕೈಯಲ್ಲಿ ಸಮಯ ಕಡಿಮೆ, ಪಕ್ಷದ ಬಲವಿಲ್ಲ, ಮತದಾರರಲ್ಲಿ ಹೆಚ್ಚಿನವರು ಆಸ್ತಿವಂತ ಗಂಡಸರು. ಅಂಥ ಪಟ್ಟಿ ಹಿಡಿದುಕೊಂಡು ಒಬ್ಬ ಐರಿಷ್ ಹೆಂಗಸು, ಒಬ್ಬ ಮಂಗಳೂರ ಹುಡುಗಿ ಓಟು ಕೇಳುತ್ತಾ ಹೋಗುವುದನ್ನು ಊಹಿಸಿಕೊಳ್ಳಿ. ಕಮಲಾದೇವಿ ಅತ್ಯಲ್ಪ ಮತಗಳ ಅಂತರದಲ್ಲಿ ಸೋತರು. ಆ ಪಟ್ಟಿಯಲ್ಲಿ ಹೆಂಗಸರ ಹೆಸರು ಇನ್ನಷ್ಟು ಇದ್ದಿದ್ದರೆ ಏನಾಗುತ್ತಿತ್ತೋ! ಸೋತರೂ ಶಾಸನ ಸಭೆಯ ಚುನಾವಣೆಗೆ ನಿಂತ ದೇಶದ ಮೊದಲ ಮಹಿಳೆಯರಲ್ಲಿ ಒಬ್ಬರಾಗಿ ಅವರ ಹೆಸರು ನಿಂತಿತು. ಮುಂದೆ ಉಪ್ಪಿನ ಸತ್ಯಾಗ್ರಹ, ಕರಕುಶಲ ಕಲೆಗಳ ಪುನರುಜ್ಜೀವನ ಎಂದು ಅವರು ಬೆಳೆದ ಎತ್ತರ ನಿಮಗೆಲ್ಲ ತಿಳಿದದ್ದೇ. ಅದೇ ಮದರಾಸು ಪರಿಷತ್ತಿಗೆ ನಾಮಕರಣದ ಮೂಲಕ ಹೋದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಉಪಾಧ್ಯಕ್ಷರೂ ಆದರು. ದೇವದಾಸಿ ಪದ್ಧತಿಯ ವಿರುದ್ಧ ಮಸೂದೆ ತಂದರು.

ಚುನಾವಣೆ ಮುಗಿಯುತ್ತಲೇ, 1927ರ ಜನವರಿಯಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಕೂಡಿತು. ದೇಶದ ಮೂಲೆಮೂಲೆಯ ಹೆಂಗಸರಿಗೆ ಕಾಗದ ಬರೆದು ಕರೆದವರು ಮಾರ್ಗರೆಟ್. ಕಮಲಾದೇವಿ ಅಲ್ಲೂ ಜೊತೆಗಿದ್ದರು.

ಮಾರ್ಗರೆಟ್ ಅವರ ಬದುಕಿನ ವಿಚಿತ್ರವೊಂದಿದೆ. ಎರಡು ಜೈಲು ಕಂಡಿದ್ದ ಈ ಕೈದಿಯನ್ನು 1920ರ ದಶಕದ ಆರಂಭದಲ್ಲಿ ಸರ್ಕಾರವೇ ಗೌರವ ಮ್ಯಾಜಿಸ್ಟ್ರೇಟ್ ಆಗಿ ನೇಮಿಸಿತು. ಭಾರತದಲ್ಲಿ ಆ ಪೀಠದಲ್ಲಿ ಕೂತ ಮೊದಲ ಹೆಂಗಸು ಅವರು. ಹತ್ತು ವರ್ಷ ಕಳೆಯುವುದರೊಳಗೆ ಮತ್ತೆ ಕೈದಿ. 1932ರಲ್ಲಿ ಗಾಂಧೀಜಿಯವರ ಬಂಧನದ ಬೆನ್ನಿಗೆ ಸರ್ಕಾರ ಸುಗ್ರೀವಾಜ್ಞೆಗಳನ್ನು ಹೊರಡಿಸಿ ಸಭೆ, ಮೆರವಣಿಗೆ, ಮಾತು ಎಲ್ಲದರ ಬಾಯಿ ಕಟ್ಟಿತ್ತು. ಆ ಜನವರಿಯಲ್ಲೇ ತಿರುಪ್ಪೂರಿನ ಬೀದಿಯಲ್ಲಿ ಕೈಯಲ್ಲಿದ್ದ ಬಾವುಟ ಬಿಡದೆ ಲಾಠಿಯೇಟು ತಿಂದು ಕುಮರನ್ ಪ್ರಾಣ ಬಿಟ್ಟದ್ದು. ವರ್ಷದ ಕೊನೆಗೆ ಮಾರ್ಗರೆಟ್ ಮದರಾಸಿನ ಬಹಿರಂಗ ಸಭೆಯಲ್ಲಿ ಈ ಸುಗ್ರೀವಾಜ್ಞೆಗಳ ವಿರುದ್ಧ ಮಾತಾಡಿದರು. ಒಂದು ವರ್ಷದ ಶಿಕ್ಷೆಯಾಗಿ ವೆಲ್ಲೂರು ಜೈಲಿಗೆ ಹೋದರು. ಅವರಿಗಾಗ ಐವತ್ತನಾಲ್ಕು ವಯಸ್ಸು.

ಮತದ ಪ್ರಶ್ನೆಯೂ ಆ ವರ್ಷಗಳಲ್ಲಿ ಹೊಸ ರೂಪ ಪಡೆಯಿತು. ಹೆಂಗಸರಿಗೆ ಆಸ್ತಿಯಿಲ್ಲದಿದ್ದರೆ ಏನಂತೆ, ಆಸ್ತಿವಂತನ ಹೆಂಡತಿ ಎಂಬ ಅರ್ಹತೆಯಿಂದ ಮತ ಕೊಡೋಣ ಎಂದು ಸರ್ಕಾರ ಹೊರಟಿತು. ಸಂಖ್ಯೆ ಬೆಳೆಯುತ್ತದೆ ನಿಜ. ಆದರೆ ಮಹಿಳಾ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಗಂಡನ ನೆರಳಿನಲ್ಲಿ ಬರುವ ಮತ ನಮಗೆ ಬೇಡ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತ ಕೊಡಿ ಎಂಬುದು ಅವರ ಬೇಡಿಕೆ. ಗಂಡ ತೀರಿಕೊಂಡರೆ, ಗಂಡನ ಜಮೀನು ಸಾಲಕ್ಕೆ ಹೋದರೆ, ಮದುವೆಯೇ ಆಗದಿದ್ದರೆ ಆ ಹೆಂಗಸು ದೇಶದ ಪ್ರಜೆಯಲ್ಲವೇ? 1935ರ ಕಾಯಿದೆ ಅವರ ಮಾತು ಕೇಳಲಿಲ್ಲ. ಹೆಂಡತಿ ಎಂಬ ಅರ್ಹತೆ, ಓದುಬರಹದ ಅರ್ಹತೆ ಎಲ್ಲ ಸೇರಿ ಸುಮಾರು 60 ಲಕ್ಷ ಹೆಂಗಸರಿಗೆ ಮತ ಬಂತು. ಗಂಡಸರಲ್ಲಿ ಆ ಸಂಖ್ಯೆ ಸುಮಾರು 2.9 ಕೋಟಿ. ವಯಸ್ಸೊಂದೇ ಅರ್ಹತೆ ಎಂದು ಬರೆಯಲು ಸ್ವತಂತ್ರ ಭಾರತದ ಸಂವಿಧಾನದ 326ನೆಯ ವಿಧಿಯೇ ಬರಬೇಕಾಯಿತು.

ಅಷ್ಟಾದ ಮೇಲೂ ಗಂಡನ ನೆರಳು ಬಿಡಲಿಲ್ಲ. ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ ಅನೇಕ ಕಡೆ ಹೆಂಗಸರು ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಟ್ಟರೆ ಮಾತ್ರ ಪಟ್ಟಿಯಲ್ಲಿ ಇರಲಿ ಎಂದರು. ಗಡುವು ಕೊಟ್ಟರೂ ಸರಿಹೋಗದೆ, ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಸುಮಾರು 28 ಲಕ್ಷ ಜನರ ನೋಂದಣಿ ಬಿದ್ದುಹೋಯಿತು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಂಥ ಉತ್ತರದ ರಾಜ್ಯಗಳವರು. ಕಟುವಾದ ತೀರ್ಮಾನವೇ. ಮತ ಕಳೆದುಕೊಂಡವರ ಪಾಲಿಗೆ ಅನ್ಯಾಯವೂ ಹೌದು. ಆದರೂ ನನಗೆ ಸೇನ್ ಅವರು ಮಾಡಿದ್ದೇ ಸರಿ ಎನಿಸುತ್ತದೆ. ಮುಂದಿನ ಚುನಾವಣೆಯ ಹೊತ್ತಿಗೆ ಹೆಸರು ಹೇಳುವ ಹೆಂಗಸರು ಹೆಚ್ಚಿದರು.

1952ರ ಜನವರಿಯಲ್ಲಿ ಮದರಾಸು ರಾಜ್ಯ ಮತ ಹಾಕಿದಾಗ ಮಾರ್ಗರೆಟ್ ಅಡ್ಯಾರ್‌ನಲ್ಲಿ ಹಾಸಿಗೆ ಹಿಡಿದಿದ್ದರು. 1940ರ ದಶಕದ ನಡುವಿನಲ್ಲೇ ಪಾರ್ಶ್ವವಾಯು ಹೊಡೆದಿತ್ತು. 1950ರಲ್ಲಿ ಗಂಡಹೆಂಡಿರಿಬ್ಬರ ಜಂಟಿ ಆತ್ಮಕಥೆ ಮದರಾಸಿನಲ್ಲಿ ಅಚ್ಚಾಗಿತ್ತು. ಒಂದು ಅಧ್ಯಾಯ ಅವರದು, ಒಂದು ಇವರದು ಎಂಬಂತೆ ಇಬ್ಬರ ದನಿಯೂ ಬೇರೆಬೇರೆಯಾಗಿ ಕೇಳುವ ಪುಸ್ತಕ. 1954ರ ಮಾರ್ಚ್ 11ರಂದು ಮಾರ್ಗರೆಟ್ ತೀರಿಕೊಂಡರು. ಎರಡು ವರ್ಷದ ಮೇಲೆ ಮದನಪಲ್ಲಿಯಲ್ಲಿ ಜೇಮ್ಸ್ ಕೂಡ.

ಇನ್ನು ನಮ್ಮ ಓದುಗರಿಗೆ ಒಂದು ಉಪಯೋಗದ ಮಾತು. ಚಾಮರಾಜನಗರ, ಮೈಸೂರು, ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ಸೊಸೆಯಂದಿರ ಹೆಸರು ಹಲವು ಸಲ ತವರೂರ ಪಟ್ಟಿಯಲ್ಲೇ ಉಳಿದಿರುತ್ತದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುತ್ತಾ ಬಾಡಿಗೆ ಮನೆ ಬದಲಿಸುವ ಹೆಣ್ಣುಮಕ್ಕಳ ಪಾಡೂ ಇದೇ. ಹಳೆಯ ಊರಿನ ಪಟ್ಟಿಯಲ್ಲಿರುವ ಹೆಸರನ್ನು ಇಲ್ಲಿಗೆ ತರಲು ನಮೂನೆ 8. ಹೊಸದಾಗಿ ಸೇರಲು ನಮೂನೆ 6. ಹದಿನೆಂಟು ತುಂಬಿತೇ ಎಂದು ನೋಡಲು ಈಗ ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಕು. ಸಂದೇಹವಿದ್ದರೆ 1950ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಬೀದಿಯ ಮತಗಟ್ಟೆ ಅಧಿಕಾರಿಯನ್ನು ಕೇಳಿ. ಅರ್ಜಿಯಲ್ಲಿ ಮೊದಲು ಕೇಳುವುದು ನಿಮ್ಮ ಸ್ವಂತ ಹೆಸರು. ಗಂಡನದೋ ತಂದೆತಾಯಿಯದೋ ಹೆಸರು ಆಮೇಲೆ. ಆಧಾರ್‌ನಲ್ಲಿ ಇರುವ ಹಾಗೆಯೇ ಕಾಗುಣಿತ ತಪ್ಪದಂತೆ ಬರೆಯಿರಿ. ತಮಿಳಿನಲ್ಲಿ ಬರೆಯುವಾಗ ನಮ್ಮ ಗ, ದ, ಬ ಅಕ್ಷರಗಳು ಕ, ತ, ಪ ಆಗಿ ಗಂಗಮ್ಮ ಕಂಕಮ್ಮ ಆಗಿಬಿಡುವುದುಂಟು. ಇಂಗ್ಲಿಷ್ ಅಕ್ಷರದ ಹೆಸರನ್ನೂ ಒಮ್ಮೆ ಹೋಲಿಸಿ ನೋಡಿಕೊಂಡು ಆಮೇಲೆ ಸಹಿ ಹಾಕಿ.